ನಮ್ಮ ಉಪ್ಪಿನಕಾಯಿ ಮಳಿಗೆಯ ಸುದ್ದಿ ಪತ್ರಿಕೆಗೆ ಮುಟ್ಟಬೇಕು: ಯಾರನ್ನು ಕಾಣಬೇಕು?

ಮಿಡಿ ಭರಣಿ (ಸಿದ್ದಾಪುರ, ಉತ್ತರ ಕನ್ನಡ)

ಎಲ್ಲರಿಗೂ ನಮಸ್ಕಾರ. ಅತ್ತೆ ಮತ್ತು ಊರಿನ ಆರು ಜನ ಹೆಂಗಸರ ಜೊತೆ ನಾಲ್ಕು ವರ್ಷಗಳಿಂದ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾಡುತ್ತಿದ್ದೇನೆ. ಇಷ್ಟು ದಿನ ನೆಂಟರು, ನೆಂಟರ ನೆಂಟರು, ರಜೆಗೆ ಬೆಂಗಳೂರಿನಿಂದ ಬಂದವರು ಒಯ್ಯುತ್ತಿದ್ದರು. ಈಗ ಧೈರ್ಯ ಮಾಡಿ ಶಿರಸಿಯಲ್ಲಿ ಒಂದು ಸಣ್ಣ ಮಳಿಗೆ ಹಿಡಿದಿದ್ದೇವೆ. ಮುಂದಿನ ತಿಂಗಳು ಬಾಗಿಲು ತೆರೆಯಬೇಕು.

ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದರೆ ಜನಕ್ಕೆ ಗೊತ್ತಾಗುತ್ತದೆ ಎಂದು ಪತ್ರಿಕಾ ಪ್ರಕಟಣೆ ಬರೆದೆ. ಯಾರಿಗೆ ಕಳುಹಿಸುವುದು? ಅಂತರ್ಜಾಲದಲ್ಲಿ ಸಿಕ್ಕ ಒಬ್ಬರಿಂದ 1,500 ರೂಪಾಯಿಗೆ ಕರ್ನಾಟಕದ ಮಾಧ್ಯಮ ಸಂಪರ್ಕಗಳ ಪಟ್ಟಿ ಕೊಂಡೆ. ಅದರಲ್ಲಿ 212 ಇಮೇಲ್ ವಿಳಾಸಗಳಿದ್ದವು. ರಾತ್ರಿ ಕುಳಿತು ಎಲ್ಲರಿಗೂ ಒಂದೇ ಏಟಿಗೆ ಕಳುಹಿಸಿದೆ. ಬೆಳಗಾಗುವಷ್ಟರಲ್ಲಿ ಅರವತ್ತಕ್ಕೂ ಹೆಚ್ಚು ಹಾಗೆಯೇ ವಾಪಸ್ ಬಂದಿದ್ದವು. ಉತ್ತರ ಬಂದದ್ದು ಒಂದೇ ಒಂದು, ಅದೂ ‘ನಾನು ಆ ಪತ್ರಿಕೆ ಬಿಟ್ಟು ಮೂರು ವರ್ಷವಾಯಿತು’ ಎಂದು. ಹದಿನೈದು ದಿನ ಕಳೆದರೂ ಎಲ್ಲಿಯೂ ಒಂದಕ್ಷರ ಬಂದಿಲ್ಲ.

ನಿಜವಾಗಿ ಯಾರನ್ನು, ಹೇಗೆ ಹುಡುಕಬೇಕು? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಹಳೆಯ ಡೆಸ್ಕ್ (ಹುಬ್ಬಳ್ಳಿ)

ಮೇಡಂ, ಹದಿನೇಳು ವರ್ಷ ದಿನಪತ್ರಿಕೆಯೊಂದರ ಹುಬ್ಬಳ್ಳಿ ಕಚೇರಿಯಲ್ಲಿ ಜಿಲ್ಲಾ ಪುಟ ಕಟ್ಟಿದವನು ನಾನು. ನಿಮ್ಮ ಮೇಲ್ ಏನಾಯಿತು ಎಂದು ಊಹಿಸಬಲ್ಲೆ. ಬೆಂಗಳೂರಿನಲ್ಲಿ ಸಂಪಾದಕರ ವಿಳಾಸಕ್ಕೆ ಹೋದದ್ದನ್ನು ತೆರೆದು ನೋಡಿದವರಿಗೂ ಅದನ್ನು ಎಲ್ಲಿ ಹಾಕಬೇಕೆಂದು ತಿಳಿದಿರುವುದಿಲ್ಲ. ಶಿರಸಿಯ ಮಳಿಗೆಗೆ ಜಾಗ ಇರುವುದು ಉತ್ತರ ಕನ್ನಡದ ಪುಟದಲ್ಲಿ. ಆ ಪುಟಕ್ಕೆ ಸುದ್ದಿ ಹರಿದು ಬರುವುದು ತಾಲ್ಲೂಕು ವರದಿಗಾರರಿಂದ. ಹೊರಗಿನವರು ನೇರವಾಗಿ ಕಳುಹಿಸಿದ್ದನ್ನು ನಾವು ಆ ವರದಿಗಾರರಿಗೇ ತಿರುಗಿಸಿ ‘ಇದನ್ನು ವಿಚಾರಿಸಿ’ ಎನ್ನುತ್ತಿದ್ದೆವು. ಅದೂ ಪುರುಸೊತ್ತಿದ್ದ ದಿನ. ನಿಮಗೆ ಬೇಕಾದವರು ಹೆಚ್ಚೆಂದರೆ ಎಂಟು ಹತ್ತು ಜನ, ಅವರೆಲ್ಲ ನಿಮ್ಮಿಂದ ಒಂದು ಗಂಟೆಯ ಬಸ್ ದಾರಿಯೊಳಗೇ ಇದ್ದಾರೆ.

ಹುಡುಕುವ ಬಗೆ ಹೀಗೆ. ಒಂದು ವಾರ ಶಿರಸಿಯ ಗ್ರಂಥಾಲಯಕ್ಕೆ ಹೋಗಿ ಎಲ್ಲ ಪತ್ರಿಕೆಗಳ ಜಿಲ್ಲಾ ಪುಟಗಳನ್ನು ಓದಿ. ‘ಶಿರಸಿ:’, ‘ಸಿದ್ದಾಪುರ:’ ಎಂದು ಊರಿನ ಹೆಸರಿನಿಂದ ಆರಂಭವಾಗುವ ಸುದ್ದಿಗಳನ್ನು ನೋಡಿ. ಯಾವ ಪತ್ರಿಕೆ ಹೊಸ ಮಳಿಗೆ, ಸ್ವಸಹಾಯ ಸಂಘ, ಕೃಷಿ ಉತ್ಪನ್ನದ ಸುದ್ದಿಗೆ ಜಾಗ ಕೊಡುತ್ತದೆ, ಯಾವುದು ಕೊಡುವುದಿಲ್ಲ ಎಂಬುದು ನಾಲ್ಕು ದಿನದಲ್ಲಿ ಕಣ್ಣಿಗೆ ಬೀಳುತ್ತದೆ. ಹೆಸರು ಹಾಕಿದ ಬರಹವಿದ್ದರೆ ಹೆಸರು ಬರೆದುಕೊಳ್ಳಿ. ಬಹಳಷ್ಟು ಸುದ್ದಿಗಳಿಗೆ ಹೆಸರಿರುವುದಿಲ್ಲ, ‘ಪ್ರಜಾವಾಣಿ ವಾರ್ತೆ’ ಎಂಬಂತೆ ಪತ್ರಿಕೆಯ ಹೆಸರು ಮಾತ್ರ ಇರುತ್ತದೆ. ಆಗ ಪತ್ರಿಕೆಯ ಕೆಳ ಅಂಚನ್ನು ನೋಡಿ. ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು, ಎಲ್ಲಿ ಮುದ್ರಣವಾಯಿತು ಎಂಬ ಸಣ್ಣಕ್ಷರದ ಸಾಲು ಇರಲೇಬೇಕು, 1867ರ ಕಾಯ್ದೆಯ ಕಾಲದಿಂದ ನಡೆದು ಬಂದ ನಿಯಮ ಅದು. ದೂರವಾಣಿ ಸಂಖ್ಯೆ ಸಾಮಾನ್ಯವಾಗಿ ಅಲ್ಲಿಯೇ ಸಿಗುತ್ತದೆ. ಆ ಸಂಖ್ಯೆಗೆ ಕರೆ ಮಾಡಿ ‘ಶಿರಸಿ, ಸಿದ್ದಾಪುರಕ್ಕೆ ನಿಮ್ಮ ವರದಿಗಾರರು ಯಾರು’ ಎಂದು ಕೇಳಿ. ಕೇಳಬೇಕಾದದ್ದು ಅಷ್ಟೇ.

ದೊಡ್ಡ ಪತ್ರಿಕೆಗಳ ಹಿಂದೆಯೇ ಓಡಬೇಡಿ. ಶಿರಸಿಯಲ್ಲಿ ಲೋಕಧ್ವನಿ ಇದೆ, ಕಾರವಾರದ ಕರಾವಳಿ ಮುಂಜಾವು ನಿಮ್ಮ ಕಡೆಗೂ ಬರುತ್ತದೆ. ಊರಿನ ಪತ್ರಿಕೆಗೆ ಊರಿನ ಮಳಿಗೆಯೇ ಸುದ್ದಿ. ಇದನ್ನು ಓದುವ ಬೇರೆ ಜಿಲ್ಲೆಯವರಿಗೂ ಹೇಳುತ್ತೇನೆ: ಮೈಸೂರಿಗೆ ಆಂದೋಲನ ಮತ್ತು ಮೈಸೂರು ಮಿತ್ರ, ಕೊಡಗಿಗೆ ಶಕ್ತಿ, ದಾವಣಗೆರೆಗೆ ಜನತಾವಾಣಿ, ತುಮಕೂರಿಗೆ ಪ್ರಜಾಪ್ರಗತಿ, ರಾಯಚೂರಿಗೆ ಸುದ್ದಿಮೂಲ, ಪುತ್ತೂರು–ಸುಳ್ಯಕ್ಕೆ ಸುದ್ದಿ ಬಿಡುಗಡೆ. ರಾಜ್ಯಮಟ್ಟದ ಪತ್ರಿಕೆಯನ್ನು ಮೇಲ್ಮೇಲೆ ತಿರುವಿ ಹಾಕುವ ಓದುಗರು ಇವನ್ನು ಸಾಲು ಸಾಲು ಓದುತ್ತಾರೆ. ಗಿರಾಕಿ ಸಿಗುವುದು ಅಲ್ಲಿ.

ಏಜೆಂಟರ ಮಗ (ಯಲ್ಲಾಪುರ)

ಡೆಸ್ಕ್ ಸರ್ ಹೇಳಿದ್ದೆಲ್ಲ ಸರಿ. ಅದಕ್ಕಿಂತ ಹತ್ತಿರದ ದಾರಿ ಒಂದಿದೆ.

ನಮ್ಮ ತಂದೆ ಮೂವತ್ತು ವರ್ಷ ಪತ್ರಿಕೆ ಏಜೆಂಟರಾಗಿದ್ದರು. ಬೆಳಗಿನ ಜಾವ ನಾಲ್ಕೂವರೆಗೆ ವ್ಯಾನ್ ಬಂದು ಬಸ್ ನಿಲ್ದಾಣದ ಎದುರು ಕಟ್ಟು ಎಸೆದು ಹೋಗುತ್ತಿತ್ತು. ಮಳೆಗಾಲದಲ್ಲಿ ಕಟ್ಟಿನ ಮೇಲಿನ ಪ್ಲಾಸ್ಟಿಕ್ ಬಿಡಿಸಿದರೆ ಮೊದಲ ನಾಲ್ಕು ಪ್ರತಿ ಒದ್ದೆ, ಉಳಿದವು ಇನ್ನೂ ಬಿಸಿ ಬಿಸಿ ಶಾಯಿಯ ವಾಸನೆ. ನಾನು ಪುರವಣಿಗಳನ್ನು ಒಳಗೆ ಸೇರಿಸುತ್ತಿದ್ದೆ, ಹುಡುಗರು ಸೈಕಲ್ಲಿಗೆ ಪೇರಿಸಿಕೊಳ್ಳುತ್ತಿದ್ದರು. ಅದೇ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ ತಮ್ಮ ಸುದ್ದಿ ಬಂದಿದೆಯೇ ಎಂದು ಪುಟ ತಿರುವುತ್ತಿದ್ದವರು ಊರಿನ ವರದಿಗಾರರು. ಎಷ್ಟೋ ಸಣ್ಣ ಊರುಗಳಲ್ಲಿ ಏಜೆಂಟರೇ ವರದಿಗಾರರೂ ಹೌದು.

ಹಾಗಾಗಿ ನಿಮ್ಮ ಮನೆಗೆ ಪತ್ರಿಕೆ ಹಾಕುವವರನ್ನು ಕೇಳಿ, ಅವರು ಏಜೆಂಟರನ್ನು ತೋರಿಸುತ್ತಾರೆ. ಏಜೆಂಟರಿಗೆ ಎಲ್ಲ ಪತ್ರಿಕೆಗಳ ವರದಿಗಾರರೂ ಗೊತ್ತು, ಯಾರು ಪತ್ರಿಕೆ ಬದಲಿಸಿದರು ಎಂಬುದೂ ಗೊತ್ತು. ನೀವು ಹಣ ಕೊಟ್ಟು ಕೊಂಡ ಪಟ್ಟಿಗೆ ತಿಳಿಯದೇ ಹೋದದ್ದು ಅದೇ.

ರೊಟ್ಟಿ ಮನೆ (ದಾವಣಗೆರೆ)

ಅಕ್ಕಾ, ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ ಎಂದು ಬರೆಯುತ್ತಿದ್ದೇನೆ. ನಾವು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡುತ್ತೇವೆ. ಎರಡು ವರ್ಷದ ಹಿಂದೆ ಯಾರೋ ಹೇಳಿದರೆಂದು ಪತ್ರಿಕಾಗೋಷ್ಠಿ ಕರೆದೆ. ಸಭಾಂಗಣಕ್ಕೆ ಶುಲ್ಕ ಕಟ್ಟಿದೆ, ತಿಂಡಿ–ಕಾಫಿ ಹೇಳಿದೆ, ಹಿಂದೆ ಬ್ಯಾನರ್ ಕಟ್ಟಿದೆ. ಅದೇ ಹೊತ್ತಿಗೆ ಇನ್ನೊಂದೆಡೆ ಸಚಿವರ ಸಭೆ ಇತ್ತು. ಬಂದವರು ನಾಲ್ಕು ಜನ. ಒಬ್ಬರು ‘ಮಾಲೀಕರು ಎಲ್ಲಿ’ ಎಂದು ನನ್ನನ್ನೇ ಕೇಳಿದರು. ಮರುದಿನ ಒಂದೇ ಪತ್ರಿಕೆಯಲ್ಲಿ ಬಂತು, ಅದರಲ್ಲೂ ರೊಟ್ಟಿಯ ಮಾತು ಕೊನೆಯ ಸಾಲಿನಲ್ಲಿತ್ತು.

ಸಣ್ಣ ಉದ್ಯಮಕ್ಕೆ ಪತ್ರಿಕಾಗೋಷ್ಠಿ ಬೇಡ. ಆಮೇಲೆ ನಾನೊಬ್ಬಳೇ ಒಬ್ಬೊಬ್ಬ ವರದಿಗಾರರನ್ನು ಕಂಡು, ‘ಒಂದು ಬೆಳಗ್ಗೆ ಆರು ಗಂಟೆಗೆ ನಮ್ಮ ಒಲೆಯ ಹತ್ತಿರ ಬನ್ನಿ’ ಎಂದು ಕರೆದೆ. ಇಬ್ಬರು ಬಂದರು. ಹನ್ನೆರಡು ಹೆಂಗಸರು ಸಾಲಾಗಿ ಕುಳಿತು ರೊಟ್ಟಿ ತಟ್ಟುವ ಸದ್ದು ಕೇಳಿದ ಮೇಲೆ ಅವರಿಗೆ ನಾನೇನೂ ವಿವರಿಸಬೇಕಾಗಲಿಲ್ಲ. ಒಬ್ಬರು ಅರ್ಧ ಪುಟ ಬರೆದರು.

ಮೊದಲ ಸಲ ಭೇಟಿಯಾಗಲು ಸಂಕೋಚವಾದರೆ ಜುಲೈ ತಿಂಗಳು ನೋಡಿ. 1843ರ ಜುಲೈ 1ರಂದು ಮಂಗಳೂರು ಸಮಾಚಾರ ಹೊರಬಂದ ನೆನಪಿಗೆ ತಾಲ್ಲೂಕು ತಾಲ್ಲೂಕಿನಲ್ಲಿ ಪತ್ರಕರ್ತರ ಸಂಘದವರು ಪತ್ರಿಕಾ ದಿನ ಮಾಡುತ್ತಾರೆ. ಊರಿನ ವರದಿಗಾರರೆಲ್ಲ ಒಂದೇ ಕಡೆ ಇರುತ್ತಾರೆ. ಹೋಗಿ ಕುಳಿತು ಕೇಳಿ, ನಮಸ್ಕಾರ ಹೇಳಿ ಪರಿಚಯ ಮಾಡಿಕೊಂಡು ಬನ್ನಿ. ಆ ದಿನ ಮಾತ್ರ ಪ್ರಕಟಣೆ ಕೈಗೆ ಕೊಡಬೇಡಿ.

ಗಾಣದೆಣ್ಣೆ (ಬೆಂಗಳೂರು)

ನನ್ನ ಅಭಿಪ್ರಾಯ ಬೇರೆ. ಇಷ್ಟೆಲ್ಲ ಓಡಾಟ ಏಕೆ? ಈಗ ಯಾರು ಪತ್ರಿಕೆ ಓದುತ್ತಾರೆ? ಮೂರು ನಿಮಿಷದ ವಿಡಿಯೊ ಮಾಡಿ ಹಾಕಿ. ನಮ್ಮ ಗಾಣದ ಎಣ್ಣೆ ಮಾರಾಟವಾಗುವುದು ಹಾಗೆಯೇ.

ರೊಟ್ಟಿ ಮನೆ

ಅಣ್ಣಾ, ವಿಡಿಯೊ ನಾವೂ ಹಾಕುತ್ತೇವೆ. ಆದರೆ ಬ್ಯಾಂಕಿಗೆ ಸಾಲ ಕೇಳಲು ಹೋದಾಗ ಮ್ಯಾನೇಜರ್ ಮೇಜಿನ ಮೇಲೆ ನಾನು ಇಟ್ಟದ್ದು ಆ ಅರ್ಧ ಪುಟದ ಕತ್ತರಿಕೆಯನ್ನು. ನಮ್ಮಲ್ಲಿ ಕೆಲಸ ಮಾಡುವ ಒಬ್ಬರು ತಮ್ಮ ಫೋಟೊ ಬಂದ ಪುಟವನ್ನು ಚೌಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗಿದ್ದಾರೆ. ಮುದ್ರಣದಲ್ಲಿ ಬಂದದ್ದಕ್ಕೆ ನಮ್ಮ ಊರುಗಳಲ್ಲಿ ಇನ್ನೂ ಬೆಲೆ ಇದೆ.

ಮಿಡಿ ಭರಣಿ

ಎಲ್ಲರಿಗೂ ತುಂಬಾ ಕೃತಜ್ಞತೆಗಳು. ಇನ್ನೊಂದು ಸಂಗತಿ ಕೇಳಲು ಮುಜುಗರವಾಗುತ್ತದೆ. ವರದಿಗಾರರಿಗೆ ಹಣವಿಟ್ಟ ‘ಕವರ್’ ಕೊಡಬೇಕು, ಇಲ್ಲದಿದ್ದರೆ ಹಾಕುವುದಿಲ್ಲ ಎಂದು ಪರಿಚಯದವರೊಬ್ಬರು ಹೇಳಿದರು. ಇನ್ನೊಬ್ಬರು ಮೊದಲು ಜಾಹೀರಾತು ಕೊಡಿ, ಆಮೇಲೆ ಸುದ್ದಿ ತಾನಾಗಿ ಬರುತ್ತದೆ ಎಂದರು. ನಿಜವೇ?

ಹಳೆಯ ಡೆಸ್ಕ್

ಕವರ್ ಕೊಡಬೇಡಿ. ಕೇಳಿದರೂ ಕೊಡಬೇಡಿ. ಕೇಳಿದವರನ್ನು ನಿಮ್ಮ ಪಟ್ಟಿಯಿಂದ ತೆಗೆದುಹಾಕಿ. ಹಾಗೆ ಕೇಳುವವರು ಇದ್ದಾರೆ ಎಂಬುದು ನಮ್ಮ ವೃತ್ತಿಗೆ ನೋವಿನ ಸಂಗತಿ, ಅದನ್ನು ಮುಚ್ಚಿಡುವುದಿಲ್ಲ. ಆದರೆ ತಿಂಗಳಿಗೆ ಸಿಗುವ ಅತ್ಯಲ್ಪ ಗೌರವಧನದಲ್ಲಿ, ಸ್ವಂತ ಬೈಕಿಗೆ ಸ್ವಂತ ದುಡ್ಡಿನ ಪೆಟ್ರೋಲ್ ಹಾಕಿಕೊಂಡು, ಹಳ್ಳಿ ಹಳ್ಳಿ ಸುತ್ತಿ ಬರೆಯುವ ತಾಲ್ಲೂಕು ವರದಿಗಾರರನ್ನು ನಾನು ಅವರಿಗಿಂತ ಹೆಚ್ಚು ಕಂಡಿದ್ದೇನೆ. ಅವರಿಗೆ ಬೇಕಾದದ್ದು ಒಳ್ಳೆಯ ಸುದ್ದಿ, ಸರಿಯಾದ ಹೆಸರು, ಕರೆ ಮಾಡಿದರೆ ಎತ್ತುವ ಮನುಷ್ಯ.

ಜಾಹೀರಾತಿನ ಮಾತು ಬೇರೆ. ತಾಲ್ಲೂಕು ವರದಿಗಾರರಿಗೆ ಜಾಹೀರಾತು ತರುವ ಹೊಣೆಯನ್ನೂ ಹೊರಿಸುವ ಪತ್ರಿಕೆಗಳಿವೆ, ಆದ್ದರಿಂದ ಅವರು ಕೇಳಿದರೆ ಅವಮಾನವೆಂದು ತಿಳಿಯಬೇಡಿ. ಆದರೆ ಎರಡನ್ನೂ ಬೇರೆ ಬೇರೆ ದಿನ ಮಾತನಾಡಿ. ಕೊಡುವ ಶಕ್ತಿ ಇದ್ದರೆ ದೀಪಾವಳಿ, ಯುಗಾದಿಗೆ ಒಂದು ಸಣ್ಣ ಜಾಹೀರಾತು ಕೊಡಿ, ದರಪಟ್ಟಿ ನೋಡಿ ರಸೀದಿ ಪಡೆಯಿರಿ. ಹಣ ಕೊಟ್ಟು ಹಾಕಿಸಿದ್ದು ಜಾಹೀರಾತು ಎಂದೇ ಓದುಗರಿಗೆ ಕಾಣಬೇಕು. ಪತ್ರಿಕಾ ಮಂಡಳಿಯ ನೀತಿಯೂ ಅದನ್ನೇ ಹೇಳುತ್ತದೆ.

ವಾರ್ತಾ ಇಲಾಖೆಯ ಬಗ್ಗೆ ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. ನಿಮ್ಮ ಜಿಲ್ಲೆಯ ಕಚೇರಿ ಕಾರವಾರದಲ್ಲಿದೆ, ಶಿರಸಿಯಿಂದ ನೂರು ಕಿಲೋಮೀಟರಿಗೂ ಹೆಚ್ಚು ಘಟ್ಟದ ದಾರಿ. ಅವರಲ್ಲಿ ಜಿಲ್ಲೆಯ ಪತ್ರಿಕೆಗಳ ಪಟ್ಟಿ ಇರುತ್ತದೆ, ಆದರೆ ಅವರ ಕೆಲಸ ಸರ್ಕಾರದ ಸುದ್ದಿಯನ್ನು ಹಂಚುವುದು. ಖಾಸಗಿ ಮಳಿಗೆಯ ಪ್ರಕಟಣೆಯನ್ನು ಅವರ ಮೂಲಕ ಕಳುಹಿಸಲು ಹೋಗಬೇಡಿ, ದಾರಿ ಖರ್ಚು ದಂಡ.

ಬೆರಳಚ್ಚು (ಶಿವಮೊಗ್ಗ)

ನಾನು ಪತ್ರಿಕೆಗಳಿಗೆ ಪುಟವಿನ್ಯಾಸ ಮಾಡುವವನು. ಸಂಪರ್ಕ ಸಿಕ್ಕ ಮೇಲೆ ಕಳುಹಿಸುವ ರೀತಿಯಲ್ಲೇ ಅರ್ಧ ಜನ ಎಡವುತ್ತಾರೆ. ಮೇಡಂ, ನೀವು ಹಿಂದೆ ಕಳುಹಿಸಿದ್ದು ಪಿಡಿಎಫ್ ಆಗಿತ್ತೇ?

ಮಿಡಿ ಭರಣಿ

ಹೌದು ಸರ್. ಲೆಟರ್‌ಹೆಡ್‌ನಲ್ಲಿ ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿ ಕಳುಹಿಸಿದ್ದೆ. ಫೋಟೊವನ್ನೂ ಅದರೊಳಗೇ ಸೇರಿಸಿದ್ದೆ.

ಬೆರಳಚ್ಚು

ಹಾಗಾದರೆ ಯಾರೋ ಅದನ್ನು ಕುಳಿತು ಮತ್ತೆ ಟೈಪ್ ಮಾಡಬೇಕು. ಸಂಜೆ ಆರು ಗಂಟೆಗೆ ಪುಟ ಮುಗಿಸುವ ಗಡಿಬಿಡಿಯಲ್ಲಿ ಯಾರೂ ಮಾಡುವುದಿಲ್ಲ. ಬರಹವನ್ನು ಬರಹವಾಗಿಯೇ ಕಳುಹಿಸಿ. ಮೊಬೈಲಿನಲ್ಲಿ ಟೈಪ್ ಮಾಡುವುದು ಯುನಿಕೋಡ್, ಅಂದರೆ ಎಲ್ಲ ಸಾಧನಗಳಲ್ಲೂ ಓದಬಹುದಾದ ಅಕ್ಷರ ಸಂಕೇತ. ಸಣ್ಣ ಪತ್ರಿಕೆಗಳಲ್ಲಿ ಇಂದಿಗೂ ಪುಟ ಕಟ್ಟುವುದು ‘ನುಡಿ’ ತಂತ್ರಾಂಶದಂತಹ ಹಳೆಯ ಫಾಂಟ್‌ಗಳಲ್ಲಿ. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ತಂತ್ರಾಂಶಗಳಿವೆ, ಆದರೂ ಒತ್ತಕ್ಷರ, ಅರ್ಕಾವತ್ತು ಕೆಲವೊಮ್ಮೆ ಕೆಡುತ್ತವೆ. ನಡುವೆ ಇಂಗ್ಲಿಷ್ ಅಕ್ಷರದಲ್ಲಿ ಜಾಲತಾಣದ ವಿಳಾಸ ಇದ್ದರೆ ಅದು ಅರ್ಥವಿಲ್ಲದ ಕನ್ನಡ ಅಕ್ಷರಗಳ ಸಾಲಾಗಿ ಬಿಡುತ್ತದೆ. ಬರಹವನ್ನು ವಾಟ್ಸ್ಆ್ಯಪ್‌ನಲ್ಲಿ ನೇರವಾಗಿ ಅಂಟಿಸಿ ಕಳುಹಿಸಿ, ಜೊತೆಗೆ ನುಡಿಯಲ್ಲಿ ಮಾಡಿದ ವರ್ಡ್ ಕಡತವೂ ಇರಲಿ. ಊರಿನ ಯಾವ ಡಿಟಿಪಿ ಅಂಗಡಿಯಲ್ಲಾದರೂ ಅದನ್ನು ಮಾಡಿಕೊಡುತ್ತಾರೆ.

ಫೋಟೊವನ್ನು ‘ಡಾಕ್ಯುಮೆಂಟ್’ ಎಂದು ಆಯ್ಕೆ ಮಾಡಿ ಕಳುಹಿಸಿ. ಸಾಮಾನ್ಯ ಚಿತ್ರದಂತೆ ಕಳುಹಿಸಿದರೆ ವಾಟ್ಸ್ಆ್ಯಪ್ ಅದನ್ನು ಹಿಂಡಿ ಸಣ್ಣದು ಮಾಡುತ್ತದೆ, ಅಚ್ಚಿನಲ್ಲಿ ಮುಖ ಕಲಸಿದಂತೆ ಬರುತ್ತದೆ. ಚಿತ್ರದಲ್ಲಿ ಎಡದಿಂದ ಬಲಕ್ಕೆ ಯಾರು ಯಾರು ಎಂದು ಬರೆಯುವುದನ್ನು ಮರೆಯಬೇಡಿ.

ಮಿಡಿ ಭರಣಿ

ನನ್ನ ಪ್ರಕಟಣೆಯ ಮೊದಲ ವಾಕ್ಯವನ್ನು ಇಲ್ಲಿ ಹಾಕುತ್ತೇನೆ. ತಪ್ಪಿದ್ದರೆ ತಿದ್ದಿ.

‘ಗುಣಮಟ್ಟಕ್ಕೆ ಮತ್ತೊಂದು ಹೆಸರಾದ, ಶುಚಿ–ರುಚಿಯಿಂದ ಗ್ರಾಹಕರ ಮನಗೆದ್ದ, ಮಧುಮೇಹಿಗಳಿಗೂ ಜೀರ್ಣಶಕ್ತಿಗೂ ಉತ್ತಮವಾದ ಸಾಂಪ್ರದಾಯಿಕ ಉಪ್ಪಿನಕಾಯಿಗಳ ವಿನೂತನ ಮಳಿಗೆಯು ಶಿರಸಿಯ ಮಹಾಜನತೆಯ ಸೇವೆಗೆ ಶೀಘ್ರದಲ್ಲೇ ಲೋಕಾರ್ಪಣೆಗೊಳ್ಳಲಿದೆ.’

ಹಳೆಯ ಡೆಸ್ಕ್

ಮೊದಲು ‘ಮಧುಮೇಹಿಗಳಿಗೂ’ ತೆಗೆಯಿರಿ. ಆಹಾರವನ್ನು ಕಾಯಿಲೆಯ ಹೆಸರಿಗೆ ಜೋಡಿಸಿ ಮಾತನಾಡಿದರೆ ಕಾನೂನಿನ ತೊಡಕಿದೆ, ಮದ್ದಿನ ಹೆಸರಿನಲ್ಲಿ ಹಾದಿ ತಪ್ಪಿಸುವ ಜಾಹೀರಾತುಗಳನ್ನು ತಡೆಯಲೆಂದೇ 1954ರಿಂದ ಕಾಯ್ದೆ ಇದೆ. ಬದಲಿಗೆ ನಿಮ್ಮ ಆಹಾರ ಸುರಕ್ಷತಾ ಪರವಾನಗಿಯ 14 ಅಂಕಿಯ ಸಂಖ್ಯೆಯನ್ನು ಕೊನೆಯಲ್ಲಿ ಕೊಡಿ, ವರದಿಗಾರರಿಗೆ ನಂಬಿಕೆ ಬರುತ್ತದೆ.

ಇನ್ನು, ಈ ವಾಕ್ಯದಲ್ಲಿ ನೀವು ಎಲ್ಲಿದ್ದೀರಿ? ಯಾವ ಊರಿನ ಯಾವ ಮಳಿಗೆಗೂ ಇದು ಹೊಂದುತ್ತದೆ. ಒಂದು ಪ್ರಶ್ನೆ ಕೇಳುತ್ತೇನೆ, ಪ್ರಕಟಣೆಯನ್ನು ಮರೆತು ಉತ್ತರಿಸಿ. ಮಿಡಿ ಎಲ್ಲಿಂದ ತರುತ್ತೀರಿ?

ಮಿಡಿ ಭರಣಿ

ಅಘನಾಶಿನಿ ದಂಡೆಯ ಮರಗಳಿಂದ. ನೆಟ್ಟ ಮರಗಳಲ್ಲ, ಹೊಳೆಯ ಅಂಚಿನಲ್ಲಿ ತಾವಾಗಿಯೇ ಬೆಳೆದವು. ಒಂದೊಂದು ಮರದ ಮಿಡಿಗೂ ಒಂದೊಂದು ಪರಿಮಳ, ಕೆಲವು ಮುರಿದರೆ ಜೀರಿಗೆಯ ವಾಸನೆ. ಮೊದಲು ಕೊಂಬೆಯನ್ನೇ ಕಡಿದು ಮಿಡಿ ಇಳಿಸುತ್ತಿದ್ದರು, ಮುಂದಿನ ವರ್ಷಕ್ಕೆ ಮರವೇ ಇರುತ್ತಿರಲಿಲ್ಲ. ನಮ್ಮ ಅತ್ತೆ ಒಂದು ನಿಯಮ ಮಾಡಿದ್ದಾರೆ: ಕೊಂಬೆ ಕಡಿದ ಮನೆಯಿಂದ ಕೊಳ್ಳುವುದಿಲ್ಲ. ಬುಟ್ಟಿಗೆ ಹಗ್ಗ ಕಟ್ಟಿ, ನೆಲಕ್ಕೆ ಬೀಳಿಸದೆ, ತೊಟ್ಟು ಮುರಿಯದೆ ಇಳಿಸಿದ್ದಕ್ಕೆ ಮಾತ್ರ ಹೆಚ್ಚು ದರ. ಬಿದ್ದು ಪೆಟ್ಟಾದ ಮಿಡಿ ಉಪ್ಪಿನಲ್ಲಿ ಮೆತ್ತಗಾಗುತ್ತದೆ, ತೊಟ್ಟು ಕಳಚಿದರೆ ಸೊನೆ ಹೋಗಿ ಪರಿಮಳವೂ ಹೋಗುತ್ತದೆ. ಈಗ ಹದಿನಾಲ್ಕು ಮನೆಯವರು ಹೀಗೆ ಕೊಡುತ್ತಾರೆ. ಅವರ ಮರಗಳೆಲ್ಲ ಉಳಿದಿವೆ.

ಹಳೆಯ ಡೆಸ್ಕ್

ಮೇಡಂ, ಇದು ಸುದ್ದಿ. ಇದನ್ನು ಬಿಟ್ಟು ‘ಗುಣಮಟ್ಟಕ್ಕೆ ಮತ್ತೊಂದು ಹೆಸರು’ ಎಂದು ಬರೆದಿರಲ್ಲ! ಹೀಗೆ ಆರಂಭಿಸಿ:

‘ಶಿರಸಿ: ಅಘನಾಶಿನಿ ದಂಡೆಯ ಅಪ್ಪೆ ಮರಗಳ ಕೊಂಬೆ ಕಡಿಯದೆ ಮಿಡಿ ಇಳಿಸುವ 14 ಕುಟುಂಬಗಳಿಂದ ಮಾತ್ರ ಮಿಡಿ ಕೊಳ್ಳುವ ಸಿದ್ದಾಪುರ ತಾಲ್ಲೂಕಿನ ಎಂಟು ಮಹಿಳೆಯರು ಮುಂದಿನ ತಿಂಗಳು ನಗರದಲ್ಲಿ ಉಪ್ಪಿನಕಾಯಿ ಮಳಿಗೆ ತೆರೆಯಲಿದ್ದಾರೆ.’

ನಂತರ ಅತ್ತೆಯವರ ಒಂದು ಮಾತು, ಅವರು ಆಡಿದಂತೆಯೇ. ಆಮೇಲೆ ಸ್ಥಳ, ಸಮಯ, ಸಂಪರ್ಕ ಸಂಖ್ಯೆ. ಒಟ್ಟು 150 ಪದ ಮೀರಬಾರದು. ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರೊಳಗೆ ಕಳುಹಿಸಿ, ಎಲ್ಲರಿಗೂ ಒಂದೇ ಗುಂಪು ಸಂದೇಶ ಬೇಡ, ಒಬ್ಬೊಬ್ಬರ ಹೆಸರು ಹಿಡಿದು ಬರೆಯಿರಿ. ಅದೇ ದಿನ ‘ಹಾಕುತ್ತೀರಾ’ ಎಂದು ಕರೆ ಮಾಡಬೇಡಿ. ಇನ್ನೊಂದು ಮಾತು: ಮಾರಿಕಾಂಬೆಯ ಜಾತ್ರೆ ಇರುವ ವರ್ಷ ಆ ದಿನಗಳಲ್ಲಿ ಏನನ್ನೂ ಕಳುಹಿಸಬೇಡಿ. ಶಿರಸಿಯ ಪುಟದಲ್ಲಿ ಆಗ ಸಾಸಿವೆಯಷ್ಟೂ ಜಾಗ ಇರುವುದಿಲ್ಲ.

ಅಡಿಕೆ ಸೋಗೆ (ಪುತ್ತೂರು)

ಮರ ಉಳಿಸಿದ ಕಥೆ ದಿನಪತ್ರಿಕೆಯ ಹತ್ತು ಸಾಲಿನಲ್ಲಿ ಮುಗಿಯಬಾರದು. ನಮ್ಮೂರಿನ ಕೃಷಿ ಮಾಸಪತ್ರಿಕೆ ‘ಅಡಿಕೆ ಪತ್ರಿಕೆ’ 1988ರಿಂದ ಕೃಷಿಕರ ಕೈಗೆ ಲೇಖನಿ ಕೊಡುತ್ತಲೇ ಬಂದಿದೆ. ಅಲ್ಲಿಗೆ ಪ್ರಕಟಣೆ ಕಳುಹಿಸಬೇಡಿ, ಮಿಡಿ ಇಳಿಸುವ ವಿಧಾನವನ್ನೇ ಲೇಖನವಾಗಿ ಬರೆದು ಕಳುಹಿಸಿ. ಆಕಾಶವಾಣಿಯನ್ನೂ ಮರೆಯಬೇಡಿ. ಕಾರವಾರ ಮತ್ತು ಧಾರವಾಡ ಕೇಂದ್ರಗಳ ಕೃಷಿ ವಿಭಾಗಕ್ಕೆ ಒಂದು ಪುಟದ ಪತ್ರ ಬರೆದರೆ ಸಂದರ್ಶನಕ್ಕೆ ಕರೆಯುವ ಸಾಧ್ಯತೆ ಇದೆ. ಅಲ್ಲಿ ಮಳಿಗೆಯ ಪ್ರಚಾರ ಮಾಡುವಂತಿಲ್ಲ, ಕೆಲಸದ ಬಗ್ಗೆ ಮಾತನಾಡಬಹುದು.

ಕನ್ನಡ ಸಂಘ (ಮುಂಬೈ)

ಇಲ್ಲಿಯೂ ಅಪ್ಪೆಮಿಡಿಗೆ ಕಾಯುವವರಿದ್ದೇವೆ. ಮುಂಬೈ ಕನ್ನಡಿಗರು ಓದುವುದು ಕರ್ನಾಟಕ ಮಲ್ಲ ಮತ್ತು ಉದಯವಾಣಿಯನ್ನು. ಅಂಚೆಯಲ್ಲಿ ಭರಣಿ ಕಳುಹಿಸುವ ವ್ಯವಸ್ಥೆ ಮಾಡಿಕೊಂಡ ಮೇಲೆ ಇಲ್ಲಿಗೂ ಒಂದು ಪ್ರಕಟಣೆ ಕಳುಹಿಸಿ. ಅದಕ್ಕೆ ಮೊದಲು ಬೇಡ, ಜನ ಕೇಳುತ್ತಾರೆ, ನಿಮ್ಮಲ್ಲಿ ಕೊಡಲು ಇರುವುದಿಲ್ಲ.

ಮಿಡಿ ಭರಣಿ

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಬಸ್ ನಿಲ್ದಾಣದ ಏಜೆಂಟರಿಂದ ಒಂಬತ್ತು ಹೆಸರು ಸಿಕ್ಕವು. ಆರು ಜನರನ್ನು ಮುಖತಃ ಕಂಡೆ. ಒಬ್ಬರು ‘ಮರ ತೋರಿಸಿ’ ಎಂದು ಬೈಕಿನಲ್ಲಿ ಹೊಳೆ ದಂಡೆಯವರೆಗೆ ಬಂದೇಬಿಟ್ಟರು. ಅತ್ತೆ ಬುಟ್ಟಿಯ ಹಗ್ಗ ಹಿಡಿದು ನಿಂತ ಚಿತ್ರ ಇಂದು ಮೂರು ಕಾಲಂ ಅಗಲಕ್ಕೆ ಬಂದಿದೆ. ಇನ್ನೊಂದು ಪತ್ರಿಕೆಯಲ್ಲಿ ಹನ್ನೊಂದು ಸಾಲು ಬಂದಿದೆ. ಅತ್ತೆ ಬೆಳಗ್ಗೆಯಿಂದ ಕನ್ನಡಕ ತೆಗೆದಿಟ್ಟಿಲ್ಲ.

ಒಂದೇ ತೊಂದರೆ. ಮೂರು ಕಾಲಂ ವರದಿಯಲ್ಲಿ ನಮ್ಮ ಮೊಬೈಲ್ ಸಂಖ್ಯೆಯ ಕೊನೆಯ ಎರಡು ಅಂಕಿ ಅದಲು ಬದಲಾಗಿವೆ. ಆ ಸಂಖ್ಯೆಗೆ ನಾನೇ ಕರೆ ಮಾಡಿದೆ. ಹಾನಗಲ್ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು. ಬೆಳಗ್ಗೆಯಿಂದ ಹದಿನೇಳು ಕರೆ ಬಂದಿವೆಯಂತೆ. ಬೇಸರಿಸಿಕೊಳ್ಳದೆ ಎಲ್ಲರ ಹೆಸರು, ಸಂಖ್ಯೆ ಬರೆದಿಟ್ಟುಕೊಂಡು ನನಗೆ ಓದಿ ಹೇಳಿದರು. ತಿದ್ದುಪಡಿ ಕೇಳಿದರೆ ವರದಿಗಾರರು ನೊಂದುಕೊಳ್ಳುತ್ತಾರೆಯೇ?

ಹಳೆಯ ಡೆಸ್ಕ್

ಇಲ್ಲ. ಈಗಲೇ ಕರೆ ಮಾಡಿ. ಮೊದಲು ವರದಿಗೆ ಧನ್ಯವಾದ ಹೇಳಿ, ಆಮೇಲೆ ಸರಿಯಾದ ಸಂಖ್ಯೆಯನ್ನು ಸಂದೇಶದಲ್ಲೂ ಕಳುಹಿಸಿ. ಮಧ್ಯಾಹ್ನದೊಳಗೆ ತಿಳಿಸಿದರೆ ನಾಳೆಯ ಪುಟಕ್ಕೆ ಸೇರಿಸುತ್ತಾರೆ. ಜಾಲತಾಣದಲ್ಲೂ ಬಂದಿದ್ದರೆ ಅಲ್ಲಿ ಇಂದೇ ತಿದ್ದಬಹುದು.

ಮಿಡಿ ಭರಣಿ

ಮಾತನಾಡಿದೆ ಸರ್. ಅವರೇ ‘ಛೆ, ನನ್ನಿಂದ ತಪ್ಪಾಯಿತು’ ಎಂದರು. ನಾಳೆ ತಿದ್ದುಪಡಿ ಹಾಕುತ್ತಾರೆ. ಮೇಷ್ಟ್ರ ವಿಳಾಸ ಬರೆದುಕೊಂಡಿದ್ದೇನೆ. ಮಿಡಿ ಭರಣಿಯೊಂದು ನಾಳೆ ಬೆಳಗಿನ ಬಸ್ಸಿಗೆ ಹಾನಗಲ್ಲಿಗೆ ಹೊರಡುತ್ತದೆ.